ಬೇಸಿಗೆ ಟೈರು, ಚಳಿಗಾಲದ ರಸ್ತೆ: ಏಳು ಡಿಗ್ರಿಯಿಂದ ಕೆಳಗೆ ಏನು ಮಾಡಬೇಕು

ಮ್ಯೂನಿಕ್‌ನಲ್ಲೋ ಡೆಟ್ರಾಯಿಟ್‌ನಲ್ಲೋ ಜುಲೈ ತಿಂಗಳಲ್ಲಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಎಂ240ಐ, ಗಾಲ್ಫ್ ಆರ್, ಮಸ್ಟಾಂಗ್ ಜಿಟಿ ಥರದ ಕಾರು ಕೊಂಡರೆ, ಚಕ್ರಗಳಲ್ಲಿ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಪಿರೆಲ್ಲಿ ಪಿ ಜೀರೋ, ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್ ಇಂಥ ಬೇಸಿಗೆ ಟೈರುಗಳು ಇರುವ ಸಂಭವ ಹೆಚ್ಚು. ಸೆಪ್ಟೆಂಬರ್ ಮುಗಿಯುವವರೆಗೂ ಇವುಗಳ ಬಗ್ಗೆ ತಕರಾರೇ ಇಲ್ಲ. ಆಮೇಲೆ ಬೆಳಗಿನ ತಾಪಮಾನ ಒಂದಂಕಿಗೆ ಇಳಿಯುತ್ತದೆ. "ಹಿಮ ಬೀಳಲಿ, ಆಗ ಬದಲಿಸಿದರಾಯಿತು" ಎನ್ನುವ ಲೆಕ್ಕಾಚಾರ ತಪ್ಪುವುದು ಇಲ್ಲೇ. ಈ ಟೈರುಗಳು ಕೈಕೊಡುವುದಕ್ಕೆ ಹಿಮ ಬೇಕಿಲ್ಲ. ಬಿಸಿಲು ಬಿದ್ದ ಒಣ ಡಾಂಬರು ಕೂಡ ಸಾಕು, ಅದು ತಣ್ಣಗಿದ್ದರೆ. ಚಳಿ ಇನ್ನೂ ಏರಿದರೆ ನಿಂತ ಕಾರನ್ನು ಹತ್ತಡಿ ಸರಿಸಿದ್ದಕ್ಕೇ ರಬ್ಬರು ಸೀಳಬಹುದು.

ಬೆಂಗಳೂರಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಲ್ಲಿ ಕಾರು ಕಲಿತು ಬಂದವರಿಗೆ ಋತುವಿಗೊಂದು ಟೈರು ಎಂಬುದು ರೂಢಿಯಲ್ಲೇ ಇಲ್ಲದ ಸಂಗತಿ. ಹಾಗಾಗಿ ಮೊದಲಿಂದ ನೋಡೋಣ. ತಾಪಮಾನವೆಲ್ಲ ಸೆಲ್ಸಿಯಸ್‌ನಲ್ಲಿ.

ಹಂತ 1: ನಿಮ್ಮದು ಯಾವ ಟೈರು ಎಂದು ಓದಿ

ಹೆಸರು ನೋಡಿ ತೀರ್ಮಾನಿಸಬೇಡಿ. ಪಿ ಜೀರೋ ಎಂಬ ಹೆಸರಿನಲ್ಲಿ ಬೇಸಿಗೆ ಟೈರೂ ಇದೆ, ಆಲ್ ಸೀಸನ್ ಟೈರೂ ಇದೆ. ಪೈಲಟ್ ಸ್ಪೋರ್ಟ್ 4ಎಸ್ ಬೇಸಿಗೆಯದು, ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4 ಬೇರೆಯದೇ. ಟೈರಿನ ಪಕ್ಕದ ಗೋಡೆಯ ಮೇಲೆ ಎರಡು ಗುರುತು ಹುಡುಕಿ: ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ, ಮತ್ತು ಎಂ+ಎಸ್ (ಮಡ್ ಆ್ಯಂಡ್ ಸ್ನೋ, ಕೆಸರು ಮತ್ತು ಹಿಮ) ಅಕ್ಷರಗಳು. ಎರಡೂ ಇಲ್ಲದಿದ್ದರೆ ಅದು ಬೇಸಿಗೆ ಟೈರು. ಎಂ+ಎಸ್ ಮಾತ್ರ ಇದ್ದರೆ ಅದರ ಮೇಲೆ ಹೆಚ್ಚು ಭರವಸೆ ಬೇಡ. ಹಿಮದಲ್ಲಿ ಪರೀಕ್ಷೆ ಮಾಡಿ ಪಾಸಾದ ಮೇಲೆ ಸಿಗುವುದು ಬೆಟ್ಟದ ಗುರುತು ಮಾತ್ರ.

ಜತೆಗೆ ಅದೇ ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ನೋಡಿಟ್ಟುಕೊಳ್ಳಿ. 3621 ಎಂದರೆ 2021ರ 36ನೇ ವಾರದಲ್ಲಿ ತಯಾರಾದದ್ದು. ಹಳೆಯ ರಬ್ಬರು ಮೊದಲೇ ಗಡುಸಾಗಿರುತ್ತದೆ, ಚಳಿ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ನಾಲ್ಕೂ ಚಕ್ರಗಳನ್ನು ಓದಿ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಮುಂದೆ ಒಂದು ಜಾತಿ, ಹಿಂದೆ ಇನ್ನೊಂದು ಇರುವುದುಂಟು.

ಹಂತ 2: ಮೂರು ಗೆರೆಗಳನ್ನು ನೆನಪಿಡಿ

ಟೈರಿನ ಹಿಡಿತ ಹುಟ್ಟುವುದು ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು, ಮತ್ತೆ ಹೊರಬರುವಾಗ ಶಕ್ತಿ ಕಳೆದುಕೊಳ್ಳುವುದರಿಂದ. ಬೇಸಿಗೆ ಟೈರಿನ ಮಿಶ್ರಣವನ್ನು ಕಾದ ಡಾಂಬರಿಗೆಂದೇ ಹದ ಮಾಡಿರುತ್ತಾರೆ. ತಾಪ ಇಳಿದಂತೆ ಅದು ಗಾಜಿನಂತೆ ಬಿರುಸಾಗುವ ಸ್ಥಿತಿಗೆ ಹತ್ತಿರವಾಗುತ್ತದೆ, ಉಬ್ಬುತಗ್ಗಿನೊಳಗೆ ಇಳಿಯುವುದನ್ನು ಬಿಟ್ಟು ಮೇಲೆ ಜಾರುತ್ತದೆ. ಕೊಬ್ಬರಿ ಎಣ್ಣೆಯ ಹಾಗೆ ಒಂದು ತಾಪಕ್ಕೆ ಬಂದೊಡನೆ ಹೆಪ್ಪುಗಟ್ಟುವ ವಸ್ತುವಲ್ಲ ಇದು. ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತ ಹೋಗುತ್ತದೆ. ಆದ್ದರಿಂದಲೇ ಚಾಲಕನಿಗೆ ತಿಳಿಯುವುದು ತಡ.

ಮೊದಲ ಗೆರೆ 7 ಡಿಗ್ರಿ. ಇದು ನಿಸರ್ಗದ ನಿಯಮವೇನಲ್ಲ, ತಯಾರಕರು ಬಳಸುವ ಅಂದಾಜಿನ ಲೆಕ್ಕ. ಇಲ್ಲಿಂದ ಕೆಳಗೆ ಒಣ ರಸ್ತೆಯಲ್ಲೂ ಹಿಡಿತ ಇಳಿಯತೊಡಗುತ್ತದೆ, ಒದ್ದೆ ರಸ್ತೆಯಲ್ಲಿ ಇನ್ನೂ ಬೇಗ.

ಎರಡನೆಯದು 3 ಡಿಗ್ರಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಿಮದ ಹರಳಿನ ಎಚ್ಚರಿಕೆ ಸುಮಾರು ಇಲ್ಲೇ ಬರುತ್ತದೆ. ಗಾಳಿ 3 ಡಿಗ್ರಿ ಇದ್ದಾಗ ರಸ್ತೆಯ ಮೈ ಸೊನ್ನೆಗಿಂತ ಕೆಳಗಿರಬಹುದು, ಅದರಲ್ಲೂ ಮೋಡವಿಲ್ಲದ ರಾತ್ರಿಯ ಮರುಬೆಳಗ್ಗೆ. ಕೆಳಗೆ ನೆಲದ ಬಿಸಿ ಇಲ್ಲದ ಸೇತುವೆ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ.

ಮೂರನೆಯದು ಮೈನಸ್ 7. ಇದನ್ನು ದಾಟಿದರೆ ಪ್ರಶ್ನೆ ಹಿಡಿತದ್ದಲ್ಲ, ಟೈರಿನ ಪ್ರಾಣದ್ದು. ರಬ್ಬರು ಬಾಗಿದಾಗ ರಸ್ತೆಗೆ ತಾಗುವ ಪಟ್ಟಿಗಳ ಬುಡದಲ್ಲಿ, ಅವುಗಳ ನಡುವಿನ ತೋಡುಗಳ ಒಳಮೂಲೆಯಲ್ಲಿ ಬಿರುಕು ಬಿಡುತ್ತದೆ. ಕೂಡಿಸಲಾಗದ ಬಿರುಕು ಅದು, ವಾರಂಟಿಯೂ ಅನ್ವಯಿಸುವುದಿಲ್ಲ. ಪೈಲಟ್ ಸ್ಪೋರ್ಟ್ ಕಪ್ 2 ಥರದ ಟ್ರ್ಯಾಕ್ ಕಡೆಗೆ ವಾಲಿದ ಟೈರು ಇದ್ದರೆ ಇಷ್ಟು ಕೆಳಗಿನವರೆಗೆ ಕಾಯಲೇಬೇಡಿ.

ಹಿಡಿತ ಇಳಿಯುವುದೆಂದರೆ ಮೀಟರಿನಲ್ಲಿ ಎಷ್ಟು? ಲೆಕ್ಕಕ್ಕೆಂದು ಘರ್ಷಣಾಂಕ (ಹಿಡಿತದ ಅಳತೆ) 0.9 ಇದ್ದದ್ದು 0.6ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಲು ಮೊದಲು 44 ಮೀಟರ್ ಸಾಕಿತ್ತು, ಈಗ 66 ಬೇಕು. ಆಚೆಯ 22 ಮೀಟರಿನಲ್ಲಿ ಐದು ಕಾರು ಸಾಲಾಗಿ ನಿಲ್ಲುತ್ತವೆ. ಹಿಮದ ಮೇಲೆ 0.2 ಎಂದು ಹಿಡಿದರೆ ಬರೀ 50 ಕಿ.ಮೀ. ವೇಗದಲ್ಲೇ 49 ಮೀಟರ್. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರಾದರೂ ಈ ಲೆಕ್ಕ ಬದಲಾಗದು. ಅದು ಹೊರಡಲು ನೆರವಾಗುತ್ತದೆ, ನಿಲ್ಲಲು ಅಲ್ಲ.

ಹಂತ 3: ಗಾಳಿ ಒತ್ತಡ ಸರಿಮಾಡಿ

ಇದು ಇಂದೇ ಮಾಡಬಹುದಾದ ಕೆಲಸ. ತಾಪ 10 ಡಿಗ್ರಿ ಇಳಿದರೆ ಒತ್ತಡ ಸುಮಾರು 0.12 ಬಾರ್, ಅಂದರೆ ಹೆಚ್ಚುಕಡಿಮೆ 1.7 ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿಯಲ್ಲಿ 36 ತುಂಬಿಸಿದ್ದು ಸೊನ್ನೆ ಡಿಗ್ರಿಯ ಬೆಳಗ್ಗೆ 32.5 ತೋರಿಸುತ್ತದೆ, ಎಲ್ಲೂ ಸೋರಿಕೆ ಇಲ್ಲದೆಯೇ. ಅಮೆರಿಕದ ನಿಯಮದ ಪ್ರಕಾರ ಎಚ್ಚರಿಕೆ ದೀಪ ಕಡ್ಡಾಯವಾಗಿ ಹತ್ತಬೇಕಾದದ್ದು ನಿಗದಿತ ಒತ್ತಡಕ್ಕಿಂತ ಶೇ. 25 ಕಡಿಮೆಯಾದಾಗ, 36ರ ಕಾರಿನಲ್ಲಿ ಅದು 27. ದೀಪ ಹತ್ತಿಲ್ಲ ಎಂದರೆ ಒತ್ತಡ ಸರಿಯಿದೆ ಎಂದರ್ಥವಲ್ಲ.

ಅಳೆಯಬೇಕಾದದ್ದು ಬೆಳಗ್ಗೆ, ಕಾರು ರಾತ್ರಿಯಿಡೀ ಹೊರಗೆ ನಿಂತ ಮೇಲೆ, ಓಡಿಸುವ ಮೊದಲು. ತುಂಬಿಸಬೇಕಾದದ್ದು ಬಾಗಿಲ ಕಂಬದಲ್ಲಿ ಬರೆದಿರುವಷ್ಟು. ಟೈರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನಲ್ಲ. 15 ಡಿಗ್ರಿಯ ಗ್ಯಾರೇಜಿನಲ್ಲಿ ತುಂಬಿಸಿ ಮೈನಸ್ 5ಕ್ಕೆ ಹೊರಡುವುದಾದರೆ 0.2 ಬಾರ್ ಹೆಚ್ಚು ಹಾಕಿ. ಜಾರುತ್ತದೆಂದು ಗಾಳಿ ಇಳಿಸುವವರಿದ್ದಾರೆ. ಮರಳಿನಲ್ಲಿ ಅದು ನಡೆಯುತ್ತದೆ, ಇಲ್ಲಿ ನಡೆಯದು. ಗಡುಸಾದ ರಬ್ಬರು ಕಡಿಮೆ ಗಾಳಿಯಲ್ಲಿ ಹೆಚ್ಚು ಬಾಗುತ್ತದೆ, ಬಿರುಕಿಗೆ ಅದೇ ದಾರಿ. ಜತೆಗೆ 35 ಪ್ರೊಫೈಲಿನ, ಅಂದರೆ ಪಕ್ಕದ ಗೋಡೆ ಗಿಡ್ಡವಾಗಿರುವ ಟೈರು ಗುಂಡಿಗೆ ಬಿದ್ದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಪಕ್ಕದ ಗೋಡೆಯಲ್ಲಿ ಗುಳ್ಳೆ ಏಳುತ್ತದೆ. ಇನ್ನು ನಮ್ಮೂರ ಪೆಟ್ರೋಲ್ ಬಂಕಿನಲ್ಲಿ ಮಾರುವ ನೈಟ್ರೋಜನ್: ಅದೂ ಚಳಿಗೆ ಇಷ್ಟೇ ಕುಗ್ಗುತ್ತದೆ.

ಹಂತ 4: ಸಿಕ್ಕಿಬಿದ್ದಿದ್ದೀರಿ, ಮನೆಗೆ ತಲುಪಬೇಕು

ರಸ್ತೆ ಒಣಗಿದೆ, 0ರಿಂದ 7 ಡಿಗ್ರಿಯ ನಡುವೆ ಇದೆ ಎಂದರೆ ಮಾತ್ರ ಈ ಹಂತ. ಹಿಮ, ಕೆಸರು ಹಿಮ, ಮಂಜುಗಡ್ಡೆ ಇದ್ದರೆ ಕಾರು ನಿಲ್ಲಿಸಿ ರೈಲು ಹತ್ತಿ. ಅಗಲ ತೋಡು, ದೊಡ್ಡ ಪಟ್ಟಿಗಳ ಬೇಸಿಗೆ ಟೈರಿಗೆ ಹಿಮವನ್ನು ಹಿಡಿದುಕೊಳ್ಳುವ ಸಣ್ಣ ಸೀಳುಗಳೇ ಇರುವುದಿಲ್ಲ. ನಿಮ್ಮ ಕೈಚಳಕದಿಂದ ತುಂಬುವ ಕೊರತೆ ಅಲ್ಲ ಅದು.

ಹೊರಟ ಮೊದಲ ಹತ್ತು ಹದಿನೈದು ನಿಮಿಷ ಎಲ್ಲಕ್ಕಿಂತ ಕೆಟ್ಟದ್ದು. ರಾತ್ರಿಯಿಡೀ ನಿಂತ ಟೈರು ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗಿರುತ್ತದೆ, ಮೊದಲ ಕೆಲವು ಕಿಲೋಮೀಟರ್ ಸ್ಟೀರಿಂಗು ನಡುಗುತ್ತದೆ. ತಾನಾಗಿ ಹೋಗುತ್ತದೆ, ಬ್ಯಾಲೆನ್ಸಿಂಗಿಗೆ ದುಡ್ಡು ಸುರಿಯಬೇಡಿ. ರೇಸ್ ಕಾರುಗಳಂತೆ ಎಡಬಲಕ್ಕೆ ಹಾವಿನ ಹಾಗೆ ಓಡಿಸಿ ಟೈರು ಬಿಸಿ ಮಾಡುವ ಉಪಾಯ ಸಾರ್ವಜನಿಕ ರಸ್ತೆಗಲ್ಲ, ಮೇಲಾಗಿ ಉಪಯೋಗವೂ ಅಷ್ಟಕ್ಕಷ್ಟೇ. ಹೆದ್ದಾರಿಯಲ್ಲಿ ನೇರ ಓಡುವಾಗ ತಣ್ಣನೆ ಗಾಳಿ, ತಣ್ಣನೆ ರಸ್ತೆ ಎರಡೂ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತವೆ. ಅರ್ಧ ಗಂಟೆ ಓಡಿದೆ, ಟೈರು ಕಾದಿರಬೇಕು ಎಂದುಕೊಂಡು ಇಳಿಯುವ ರ‍್ಯಾಂಪಿನ ತಿರುವಿಗೆ ವೇಗವಾಗಿ ನುಗ್ಗುವುದು ಸಾಮಾನ್ಯವಾದ ಎಡವಟ್ಟು.

ಸ್ಪೋರ್ಟ್ ಮೋಡ್, ಲಾಂಚ್ ಕಂಟ್ರೋಲ್ ಬೇಡ. ಸ್ಥಿರತೆ ಕಾಯುವ ಇಎಸ್‌ಸಿ ಪೂರ್ತಿ ಆನ್ ಇರಲಿ. ಹಿಂದಿನ ಚಕ್ರಕ್ಕೆ ಬಲ ಹೋಗುವ ಕಾರಿನಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದ ಕ್ಷಣದ ಎಂಜಿನ್ ಬ್ರೇಕೇ ಹಿಂಬದಿಯನ್ನು ಜಾರಿಸಬಹುದು. ಎಲೆಕ್ಟ್ರಿಕ್ ಕಾರಿನಲ್ಲಿ ಪೆಡಲಿನಿಂದ ಕಾಲು ತೆಗೆದಾಗ ಆಗುವ ರೀಜೆನ್ ಬ್ರೇಕಿನದೂ ಇದೇ ಕಥೆ, ಹಾಗಾಗಿ ಅದನ್ನು ಕಡಿಮೆ ಮಟ್ಟಕ್ಕೆ ಇಡಿ. ತಿರುವಿನ ಮಧ್ಯೆ ವೇಗ ಹೆಚ್ಚಾಯಿತೆಂದು ಆಕ್ಸಿಲರೇಟರನ್ನು ದಿಢೀರನೆ ಬಿಟ್ಟರೆ ತೂಕ ಮುಂದಕ್ಕೆ ಬರುತ್ತದೆ, ಹಿಂಬದಿ ತೇಲುತ್ತದೆ. ತಿರುವಿಗೆ ಮೊದಲೇ, ನೇರ ಇರುವಾಗಲೇ ವೇಗ ಇಳಿಸಿಕೊಳ್ಳಿ.

ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 30 ಕಿ.ಮೀ. ವೇಗದಲ್ಲಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿ. ಎಬಿಎಸ್ ಮಾಮೂಲಿಗಿಂತ ಬೇಗ ಟಕಟಕ ಎಂದರೆ ಎಷ್ಟು ಹಿಡಿತ ಉಳಿದಿದೆ ಎಂದು ಪಾದಕ್ಕೇ ಗೊತ್ತಾಗುತ್ತದೆ. ಮುಂದಿನ ಕಾರಿನಿಂದ ಕನಿಷ್ಠ ನಾಲ್ಕು ಸೆಕೆಂಡಿನ ಅಂತರ. ದಾರಿಯಲ್ಲಿ ಮಳೆ ಬಂದು ರಸ್ತೆ ಒದ್ದೆಯಾದರೆ ಅದಕ್ಕೂ ಹೆಚ್ಚು.

ಹಂತ 5: ಮೈನಸ್ 7ಕ್ಕಿಂತ ಕೆಳಗೆ ಕಾರು ಹೊರಗೆ ನಿಂತಿದ್ದರೆ

ಮುಟ್ಟಬೇಡಿ. ಟೈರುಗಳು ಕನಿಷ್ಠ 5 ಡಿಗ್ರಿಗೆ ತಾವಾಗಿ ಮರಳಿ, ಆ ತಾಪದಲ್ಲಿ 24 ಗಂಟೆ ಇದ್ದ ಮೇಲೆಯೇ ಉರುಳಿಸುವುದು, ಗಾಳಿ ಹೆಚ್ಚು ಕಡಿಮೆ ಮಾಡುವುದು, ರಿಮ್ಮಿಗೆ ಹಾಕುವುದು ಎಲ್ಲ. ಹೀಟರಿನ ಬಿಸಿಗಾಳಿಯನ್ನು ನೇರ ಟೈರಿನ ಮೇಲೆ ಬಿಡುವುದೂ ಬೇಡ. ಟೋ ಲಾರಿ ಕರೆದರೂ, ಹಲಗೆಯ ಮೇಲೆ ಎಳೆದುಕೊಳ್ಳುವಾಗ ಚಕ್ರ ಉರುಳುತ್ತದೆಂಬುದನ್ನು ಮರೆಯಬೇಡಿ. ಹವಾಮಾನ ವರದಿ ನೋಡಿ ಬೆಚ್ಚಗಿನ ದಿನಕ್ಕೆ ಕಾಯುವುದು ಉತ್ತಮ. ಕಾಯಲಾಗದಿದ್ದರೆ ನಿಂತಲ್ಲೇ ಜ್ಯಾಕ್ ಹಾಕಿ, ಚಕ್ರವನ್ನು ಉರುಳಿಸದೆ ಚಳಿಗಾಲದ ಸೆಟ್ ಕೂರಿಸಿ. ಇದರಲ್ಲೂ ಅಪಾಯ ಪೂರ್ತಿ ತಪ್ಪುವುದಿಲ್ಲ, ಓಡಿಸುವುದಕ್ಕಿಂತ ಕಡಿಮೆ ಅಷ್ಟೆ. ಕಳಚಿದ ಚಕ್ರವನ್ನು ದೊಪ್ಪನೆ ಕೆಡವಬೇಡಿ.

ಕಾನೂನು

ಜರ್ಮನಿಯಲ್ಲಿ ದಿನಾಂಕದ ಕಡ್ಡಾಯವಿಲ್ಲ, ಪರಿಸ್ಥಿತಿಯ ಕಡ್ಡಾಯವಿದೆ: ರಸ್ತೆಯಲ್ಲಿ ಹಿಮ, ಕೆಸರು ಹಿಮ, ಮಂಜುಗಡ್ಡೆ ಇದ್ದರೆ ಬೇಸಿಗೆ ಟೈರಿನಲ್ಲಿ ಓಡಿಸುವಂತಿಲ್ಲ. 2024ರ ಅಕ್ಟೋಬರ್ 1ರಿಂದ ಎಂ+ಎಸ್ ಗುರುತೊಂದೇ ಸಾಲದು, ಬೆಟ್ಟದ ಗುರುತು ಬೇಕು. ಸಿಕ್ಕಿದರೆ 60 ಯೂರೋ ದಂಡ, ಫ್ಲೆನ್ಸ್‌ಬುರ್ಗಿನಲ್ಲಿರುವ ಚಾಲಕರ ತಪ್ಪುಗಳ ಖಾತೆಗೆ ಒಂದು ಪಾಯಿಂಟು. ನಿಮ್ಮಿಂದ ಸಂಚಾರಕ್ಕೆ ಅಡ್ಡಿಯಾದರೆ 80. ಅಪಘಾತವಾದರೆ ವಿಮೆಯವರು ನಿಮ್ಮ ಕಾರಿನ ಪರಿಹಾರದಲ್ಲಿ ಕಡಿತ ಮಾಡಬಹುದು, ನಿಜವಾದ ಪೆಟ್ಟು ಅದು. ಆಸ್ಟ್ರಿಯಾದ ಕಡೆ ಹೋಗುವುದಾದರೆ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಸ್ಥಿತಿಯಲ್ಲಿ ಚಳಿಗಾಲದ ಟೈರು ಕಡ್ಡಾಯ, ತೋಡಿನ ಆಳ ಕನಿಷ್ಠ 4 ಮಿ.ಮೀ. ಇರಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಆಕಾಶ ಹೇಗಿದ್ದರೂ ಕಡ್ಡಾಯ.

ಹಂತ 6: ಎರಡನೇ ಸೆಟ್ ಆರಿಸುವುದು

ಅದೇ ರಿಮ್ಮಿಗೆ ವರ್ಷಕ್ಕೆರಡು ಸಲ ಟೈರು ಕಳಚಿ ಹಾಕಿಸುವುದಕ್ಕಿಂತ ಚಿಕ್ಕ ರಿಮ್ಮಿನ ಪೂರ್ತಿ ಸೆಟ್ಟೇ ಮೇಲು. ಟೈರು ಅಗ್ಗವಾಗುತ್ತದೆ, ಪಕ್ಕದ ಗೋಡೆ ಎತ್ತರವಾಗಿ ಗುಂಡಿಗೆ ತಾಳುತ್ತದೆ, ಮಂಜು ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ತಿನ್ನುವುದೂ ಈ ಚಿಕ್ಕ ರಿಮ್ಮನ್ನೇ.

ಲೆಕ್ಕ ಹೀಗೆ. 255/35 ಆರ್19 ಎಂದರೆ ಅಗಲ 255 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 35, ರಿಮ್ 19 ಇಂಚು. ಅದರ ವ್ಯಾಸ: 19 ಇಂಚು ಎಂದರೆ 482.6 ಮಿ.ಮೀ., ಅದಕ್ಕೆ 255ರ ಶೇ. 35ನ್ನು ಎರಡು ಸಲ ಕೂಡಿಸಿದರೆ 661. ಅದರ ಬದಲಿಗೆ 225/45 ಆರ್18 ಹಾಕಿದರೆ 660. ಸ್ಪೀಡೋಮೀಟರಿಗೆ ವ್ಯತ್ಯಾಸವೇ ತಿಳಿಯದು. ಆದರೆ ಇಲ್ಲಿ ಮುಗ್ಗರಿಸುವುದು ಭಾರದ ಸೂಚ್ಯಂಕದಲ್ಲಿ. ಮೊದಲನೆಯದು ಸಾಮಾನ್ಯವಾಗಿ 96, ಅಂದರೆ ಒಂದು ಟೈರಿಗೆ 710 ಕಿಲೊ. ಎರಡನೆಯದು 95, ಅಂದರೆ 690. ಕಾರಿಗೆ ಬೇಕಾದ ಕನಿಷ್ಠ ಎಷ್ಟೆಂದು ದಾಖಲೆಯಲ್ಲಿ ನೋಡದೆ ಕೊಳ್ಳಬೇಡಿ. 245/40 ಆರ್18 ಆದರೆ 97ರಲ್ಲಿ ಸಿಗುತ್ತದೆ, 730 ಕಿಲೊ ಹೊರುತ್ತದೆ, ವ್ಯಾಸ 653ಕ್ಕೆ ಇಳಿಯುತ್ತದೆ.

ದೊಡ್ಡ ಬ್ರೇಕಿನ ಕಾರಿನಲ್ಲಿ ಚಿಕ್ಕ ರಿಮ್ ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ತಾಗಬಹುದು. ಬೋಲ್ಟ್ ಕೂರುವ ಜಾಗ ಕೆಲವು ರಿಮ್ಮಿನಲ್ಲಿ ಗೋಲಾಕಾರ, ಕೆಲವದರಲ್ಲಿ ಶಂಕುವಿನಾಕಾರ. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದರೆ ಬಿಗಿಯಾದಂತೆ ಕಂಡು, ಓಡುತ್ತ ಸಡಿಲವಾಗುತ್ತದೆ. ಜರ್ಮನಿಯಲ್ಲಿ ಕಂಪನಿಯದಲ್ಲದ ರಿಮ್ಮಿಗೆ ಅನುಮತಿ ಪತ್ರವೂ ಬೇಕು. ಚಳಿಗಾಲದ ಟೈರಿನ ವೇಗ ಮಿತಿ ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆಯಿದ್ದರೆ ಚಾಲಕನ ಕಣ್ಣಿಗೆ ಬೀಳುವಂತೆ ಸ್ಟಿಕರ್ ಅಂಟಿಸಿ.

ಯಾವುದನ್ನು ಕೊಳ್ಳುವುದು? ಒಗೆದಿಟ್ಟಂತೆ ಸ್ವಚ್ಛವಾದ ಆಟೊಬಾನ್ (ಜರ್ಮನ್ ಹೆದ್ದಾರಿ), ಅಪರೂಪಕ್ಕೆ ಹಿಮ ಎಂದರೆ ಪೈಲಟ್ ಆಲ್ಪಿನ್ 5, ಕಾಂಟಿನೆಂಟಲ್ ವಿಂಟರ್‌ಕಾಂಟ್ಯಾಕ್ಟ್ ಟಿಎಸ್ 870 ಪಿ ಇಂಥವು. ಮಿನೆಸೊಟಾದ ಮಂಜುಗಡ್ಡೆಗೆ ಬ್ಲಿಜಾಕ್ ಡಬ್ಲ್ಯುಎಸ್90, ಎಕ್ಸ್-ಐಸ್ ಸ್ನೋ. ಇವು ಒಣ ರಸ್ತೆಯಲ್ಲಿ ಮೆತ್ತಗೆನಿಸುತ್ತವೆ, ಸ್ಟೀರಿಂಗಿಗೆ ತಡವಾಗಿ ಸ್ಪಂದಿಸುತ್ತವೆ, ಅದನ್ನು ಒಪ್ಪಿಕೊಳ್ಳಬೇಕು. ಏನೇ ಕೊಂಡರೂ ನಾಲ್ಕು ಕೊಳ್ಳಿ. ಬಲ ಹೋಗುವ ಎರಡು ಚಕ್ರಕ್ಕೆ ಮಾತ್ರ ಹಾಕಿದರೆ ಒಂದು ತುದಿ ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ, ಕಾರು ಗಿರಕಿ ಹೊಡೆಯುತ್ತದೆ.

ಹಂತ 7: ಬದಲಿಸುವುದು

ಬೆಳಗಿನ ತಾಪ ಸತತವಾಗಿ 7ಕ್ಕಿಂತ ಕೆಳಗಿಳಿಯತೊಡಗಿದರೆ ಬದಲಿಸಿ. ಜರ್ಮನ್ನರು ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎನ್ನುತ್ತಾರೆ, ಅದು ಸಾಕಷ್ಟು ಸರಿ. ಮೊದಲ ಹಿಮ ಬಿದ್ದ ದಿನ ಅಂಗಡಿಯಲ್ಲಿ ಜಾಗ ಸಿಗುವುದಿಲ್ಲ, ಸೆಪ್ಟೆಂಬರಿನಲ್ಲೇ ಸಮಯ ಗೊತ್ತುಮಾಡಿಕೊಳ್ಳಿ.

ನೀವೇ ಮಾಡುವುದಾದರೆ: ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಚಕ್ರ ನೆಲದಲ್ಲಿರುವಾಗಲೇ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ. ಜ್ಯಾಕ್ ನಿಗದಿತ ಜಾಗಕ್ಕೇ. ಎಲೆಕ್ಟ್ರಿಕ್ ಕಾರಿನಲ್ಲಿ ಒಂದು ಗೇಣು ತಪ್ಪಿದರೆ ಅದು ಬ್ಯಾಟರಿ ಪೆಟ್ಟಿಗೆಗೇ ಒತ್ತುತ್ತದೆ. ಚಕ್ರ ಕೂರುವ ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ರಿಮ್ ಸಮನಾಗಿ ಕೂರುವುದಿಲ್ಲ. ನಡುವಿನ ಉಂಗುರಕ್ಕೆ ಕಚ್ಚದಂತೆ ತಡೆಯುವ ಪೇಸ್ಟ್ ತೆಳುವಾಗಿ ಹಚ್ಚಬಹುದು. ಬೋಲ್ಟಿನ ಸುರುಳಿಗೆ ಹಚ್ಚಬಾರದು. ಗ್ರೀಸ್ ಬಿದ್ದ ಸುರುಳಿಯಲ್ಲಿ ವ್ರೆಂಚ್ ತೋರಿಸುವ ಅಂಕಿಗಿಂತ ಎಷ್ಟೋ ಹೆಚ್ಚು ಬಿಗಿ ಬಿದ್ದು ಬೋಲ್ಟ್ ಹಿಗ್ಗುತ್ತದೆ. ನಕ್ಷತ್ರದ ಕ್ರಮದಲ್ಲಿ, ಅಂದರೆ ಎದುರುಬದುರಿನ ಬೋಲ್ಟುಗಳನ್ನು ಒಂದಾದ ಮೇಲೊಂದು ಬಿಗಿಯಿರಿ, ಕೊನೆಗೆ ಬಿಗಿಯನ್ನು ಅಳೆಯುವ ಟಾರ್ಕ್ ವ್ರೆಂಚ್ ಬಳಸಿ. ಈಚಿನ ಬಿಎಂಡಬ್ಲ್ಯುಗಳಿಗೆ 140 ನ್ಯೂಟನ್ ಮೀಟರ್, 2015ರ ನಂತರದ ಮಸ್ಟಾಂಗಿಗೆ 204. ಇಷ್ಟು ಅಂತರವಿರುವುದರಿಂದ ನಿಮ್ಮ ಕೈಪಿಡಿ ತೆರೆದೇ ನೋಡಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ಪರೀಕ್ಷಿಸಿ, ಒತ್ತಡದ ಸೆನ್ಸರನ್ನು ಹೊಸ ಸೆಟ್ಟಿಗೆ ಹೊಂದಿಸಿ.

ಹಂತ 8: ಬೇಸಿಗೆ ಸೆಟ್ ಎತ್ತಿಡುವುದು

ಕಳಚಿದ ಕೂಡಲೇ ಸೀಮೆಸುಣ್ಣದಲ್ಲಿ ಮುಂದಿನ ಎಡ, ಹಿಂದಿನ ಬಲ ಎಂದು ಬರೆಯಿರಿ. ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹೊಳಪಿನ ದ್ರಾವಣ ಬೇಡ. ಗಾಳಿಯಾಡದ ಚೀಲದಲ್ಲಿ ಕಟ್ಟಿ, ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ಬಾಯ್ಲರ್, ಎಲೆಕ್ಟ್ರಿಕ್ ಮೋಟಾರ್ ಹತ್ತಿರ ಬೇಡ, ಅವುಗಳ ಓಝೋನ್ ರಬ್ಬರನ್ನು ತಿನ್ನುತ್ತದೆ. ರಿಮ್ಮಿನ ಸಮೇತ ಇದ್ದರೆ ಒಂದರ ಮೇಲೊಂದು ಮಲಗಿಸಿ, ರಿಮ್ ಇಲ್ಲದಿದ್ದರೆ ನಿಲ್ಲಿಸಿ ಆಗಾಗ ತಿರುಗಿಸಿ. ಹಿತ್ತಲ ತಗಡಿನ ಶೆಡ್ಡು ಮೈನಸ್ 15ಕ್ಕೆ ಇಳಿಯುವಂಥದಾದರೆ ಅದು ಇಡುವ ಜಾಗವೇ ಅಲ್ಲ. ನೆಲಮಾಳಿಗೆಯೋ, ಬಾಡಿಗೆಗೆ ಇಟ್ಟುಕೊಳ್ಳುವ ಟೈರು ಅಂಗಡಿಯೋ ನೋಡಿ.

ವಸಂತದಲ್ಲಿ ಮರಳಿ ಹಾಕುವ ಮೊದಲು ಪ್ರತಿ ಟೈರನ್ನೂ ಬೆಳಕಿನಲ್ಲಿ ಸುತ್ತ ತಿರುಗಿಸಿ ನೋಡಿ. ಪಕ್ಕದ ಗೋಡೆಯ ಕೂದಲೆಳೆಯ ಗೆರೆಗಳು ಬಹುಮಟ್ಟಿಗೆ ವಯಸ್ಸಿನವು, ಹೆಚ್ಚುತ್ತಿವೆಯೇ ಎಂದು ಗಮನಿಸಿದರೆ ಸಾಕು. ಚಳಿಯ ಬಿರುಕು ಇರುವುದು ರಸ್ತೆಗೆ ತಾಗುವ ಪಟ್ಟಿಗಳ ಬುಡದಲ್ಲಿ ಮತ್ತು ತೋಡಿನ ತಳದಲ್ಲಿ: ಅಂಚು ಚೂಪಾಗಿ, ಚಾಕುವಿನಿಂದ ಗೀರಿದಂತೆ ಕಾಣುತ್ತದೆ, ಹೆಬ್ಬೆರಳಿನಿಂದ ಎರಡೂ ಬದಿ ಒತ್ತಿದರೆ ಬಾಯಿ ತೆರೆಯುತ್ತದೆ. ಅಂಥದೊಂದು ಕಂಡರೂ ಆ ಟೈರು ಮುಗಿಯಿತು, ಪ್ಯಾಚು ಪಂಕ್ಚರಿನವರು ಏನೂ ಮಾಡಲಾರರು. ಅದೇ ಆಕ್ಸಲಿನ ಜೋಡಿಯನ್ನೂ ಬದಲಿಸಿ. ಅದೂ ಅದೇ ಚಳಿಯಲ್ಲಿ ಅಷ್ಟೇ ಉರುಳಿರುತ್ತದೆ.